ಅಗಳಿಯಿಲ್ಲದ ಮನೆಯ ಮಾಯವ್ವ

ಇನ್ನೂ ಮಬ್ಬುಗತ್ತಲು. ಅರವತ್ತು ದಾಟಿದ ಮಾಯವ್ವ ಉದ್ದನೆಯ ಗಳುವಿನಿಂದ ಬೆಳಕಿಂಡಿಯ ಮುಚ್ಚಳ ಸರಿಸುತ್ತಾಳೆ. ಬೂದುಬಣ್ಣದ ಬೆಳಕು ಪಡಸಾಲೆಯ ನಡುವೆ ಇಳಿಯುತ್ತದೆ. ಎರಡೂ ಬದಿಯ ಕಲ್ಲುಕಟ್ಟೆಯ ಮೇಲೆ ಕಂಬಳಿಗಳು ರಾತ್ರಿ ಹಾಸಿದಂತೆಯೇ ಇವೆ. ಒಂದು ಅಂಚೂ ಕದಲಿಲ್ಲ. ಒಲೆಯ ಪಕ್ಕದ ಬುಟ್ಟಿಯಲ್ಲಿ ಒಂದು ರೊಟ್ಟಿ ಉಳಿದಿದೆ. ಯಾರಾದರೂ ಅತಿಥಿ ಬಂದರೆ ಇರಲಿ ಎಂದು ರಾತ್ರಿ ತಟ್ಟಿದ್ದು. ಯಾರೂ ಬರಲಿಲ್ಲ. ಅದನ್ನೇ ಮುರಿದು, ಖಾರ ಹಚ್ಚಿಕೊಂಡು ಬಾಯಿಗಿಡುತ್ತಾಳೆ.

“ದಿನಾ ಪಾವಣ್ಯಾರ ಪಾಲ ನಾನ ತಿನ್ನಾಕತ್ತೇನ್ರಿ,” ಎಂದು ನಗುತ್ತಾಳೆ.

ಚಿಮ್ಮಡದ ಆಚೆ, ಕಬ್ಬಿನ ಹೊಲಗಳ ನಡುವಿನ ಒಂದು ಸಣ್ಣ ಊರು. ಅಲ್ಲಿ ಕುರಿಗಾರರ ದೇವರು ಬೀರಪ್ಪನ ಪೂಜಾರಿಗಳ ಹಳೆಯ ಮನೆ. ದಪ್ಪನೆಯ ಕರಿಗಲ್ಲಿನ ಗೋಡೆ, ತೇಗದ ತೊಲೆ, ಅದರ ಮೇಲೆ ಮಣ್ಣಿನ ಮಾಳಿಗೆ. ಬಾಗಿಲು ಗಿಡ್ಡ, ಎಂಥ ದೊಡ್ಡ ಮನುಷ್ಯನೂ ತಲೆ ತಗ್ಗಿಸದೆ ಒಳಬರುವಂತಿಲ್ಲ. ಕದಗಳು ಗಟ್ಟಿಯಾಗಿವೆ. ಆದರೆ ಒಳಗೆ ಅಗಳಿಯಿಲ್ಲ, ಹೊರಗೆ ಕೊಂಡಿಯಿಲ್ಲ. ಅಗಳಿ ಕೂರುತ್ತಿದ್ದ ಗೋಡೆಯ ತೂತಿಗೆ ಯಾವ ಕಾಲದಲ್ಲೋ ಕಲ್ಲು ಜಡಿದಿದ್ದಾರೆ.

ಯಾಕೆಂದು, ಪೂಜಾರಿಗಳ ಪರವಾಗಿ ಈ ಮನೆ ಕಾಯುತ್ತಿದ್ದ ಮಾಯವ್ವನ ಗಂಡ ಮಾಳಿಂಗರಾಯ ಹೇಳುತ್ತಿದ್ದನಂತೆ. ಹಿಂದೊಮ್ಮೆ ಆಲಿಕಲ್ಲು ಸುರಿದ ರಾತ್ರಿ ಕುರಿಗಾರನೊಬ್ಬ ಬಂದು ಬಾಗಿಲು ಬಡಿದ. ಗುಡುಗಿನ ಸದ್ದಿನಲ್ಲಿ ಒಳಗಿದ್ದ ಪೂಜಾರಿಗೆ ಕೇಳಲಿಲ್ಲ. ಬೆಳಗ್ಗೆ ನೋಡಿದರೆ, ಕುರಿಗಾರ ಮರಿಗಳನ್ನು ಕಂಬಳಿಯೊಳಗೆ ಅಪ್ಪಿಕೊಂಡೇ ಹೊಸ್ತಿಲಲ್ಲಿ ಸೆಟೆದುಹೋಗಿದ್ದ. ಪೂಜಾರಿ ಅಗಳಿ ಕಿತ್ತು ಒಲೆಗೆ ಹಾಕಿದ. ಅಂದಿನಿಂದ ಕಟ್ಟಳೆ: ಈ ಮನೆಗೆ ಕೀಲಿ ಹಾಕುವಂತಿಲ್ಲ, ರಾತ್ರಿ ಒಳಗೊಂದು ದೀಪ, ಒಬ್ಬ ಮನುಷ್ಯ ಇರಲೇಬೇಕು.

ಪೂಜಾರಿ ಮನೆತನ ಈಗ ಜಮಖಂಡಿ ಸೇರಿದೆ. ಅಲ್ಲಿನ ಮನೆಗೆ ಕಬ್ಬಿಣದ ಗೇಟು, ಗೇಟಿಗೆ ಕೀಲಿ. ಅಮಾವಾಸ್ಯೆಗೆ ಕಾರಿನಲ್ಲಿ ಬಂದು, ಪೂಜೆ ಮುಗಿಸಿ, ಕಟ್ಟಳೆಯ ಬಗ್ಗೆ ನಾಲ್ಕು ಮಾತಾಡಿ, ಬೆಳಕಿರುವಾಗಲೇ ಹೊರಡುತ್ತಾರೆ. ಕಟ್ಟಳೆ ಎಲ್ಲರದು, ರಾತ್ರಿ ಮಾತ್ರ ಮಾಯವ್ವನದು. ಗಂಡ ತೀರಿದ ಮೇಲೆ ನೀರು ತುಂಬುವುದು, ಸಗಣಿ ಸಾರಿಸುವುದು, ಮಳೆಗೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿಸುವುದು ಎಲ್ಲವೂ ಆಕೆಯ ಕೊರಳಿಗೇ ಬಿದ್ದಿದೆ. ಕುರಿಗಾರರು ಈಗ ಮಂದೆಯನ್ನು ಟೆಂಪೋದಲ್ಲಿ ಸಾಗಿಸುತ್ತಾರೆ. ಹೋದ ದೀವಳಿಗೆಯ ಹೊತ್ತಿಗೆ ಬಂದವನೇ ಕೊನೆ. ಉಂಡು, ಮಲಗಿ, ನಸುಕಿನಲ್ಲಿ ಎದ್ದುಹೋದ. ಅವನ ಹೆಸರು ಕೇಳಿದರೆ ಮಾಯವ್ವ ತಲೆಯಾಡಿಸುತ್ತಾಳೆ.

“ಕೇಳಬಾರದ್ರಿ. ಹೆಸರ ಕೇಳಿದ್ರ ಕುಲಾ ಕೇಳಿದಂಗ ಆಕ್ಕೈತಿ.”

ತಂಗಿ ಸಾತವ್ವ ಮುಧೋಳದಲ್ಲಿ ಹಾಸಿಗೆ ಹಿಡಿದಿದ್ದಾಳೆ. ಹಗಲು ಹೋದರೆ ಔಷಧದ ಮಂಪರಿನಲ್ಲಿ ಮಲಗಿರುತ್ತಾಳೆ. ಕಣ್ಣು ಬಿಡುವುದೇ ಹೊತ್ತು ಮುಳುಗಿದ ಮೇಲೆ. ಅಷ್ಟರಲ್ಲಿ ಅಕ್ಕನ ಬಸ್ಸು ಹೊರಟಿರುತ್ತದೆ. ಒಂದು ರಾತ್ರಿಯಾದರೂ ಪಕ್ಕದಲ್ಲಿ ಮಲಗಿ ಮಾತಾಡು ಎಂದು ಫೋನಿನಲ್ಲಿ ಬೈಯುತ್ತಾಳೆ.

“ಯಕ್ಕಾ, ಆ ಬಾಗಲಾ ಕಿತ್ತ ತಲಿಮ್ಯಾಲ ಹೊತಗೊಂಡ ಬಾರಬೇ!”

“ನಿನ್ನ ಮನ್ಯಾಗ ಅದನ್ನ ಇಡಾಕ ಜಾಗಾ ಐತೇನ, ಹುಚ್ಚಿ?”

ಫೋನಿಟ್ಟ ಮೇಲೆ ಮಾಯವ್ವ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಾಳೆ.

ಒಂದೇ ಒಂದು ರಾತ್ರಿ ಯಾರಾದರೂ ಬಂದು ಕೂರಿ ಎಂದು ಊರೆಲ್ಲ ಕೇಳಿದ್ದಾಳೆ. ಬೀರಪ್ಪನಿಗೆ ಭಂಡಾರ ಎರಚುವ ಕೈಗಳಿಗೆ ಈ ಊರಲ್ಲಿ ಬರವಿಲ್ಲ. ಕೂರುವವರು ಮಾತ್ರ ಒಬ್ಬರೂ ಸಿಗಲಿಲ್ಲ. ಗುಡಿ ಕಮಿಟಿಯ ಶಿವಾಜಿ ಹೊಳೆಯುವ ಹೊಸ ಕೀಲಿಯೊಂದನ್ನು ತಂದುಕೊಟ್ಟ.

“ಆಯಿ, ಕೊಂಡಿ ಬಡಿಸಿ ಕೊಡತೇನಿ, ಇದನ್ನ ಹಾಕಿ ಹೋಗ. ಈಗ ಯಾರ ಬರತಾರ?”

“ಬರೂದಿಲ್ಲಂತ ನಿನಗ ಹೇಳಿ ಕಳಿಸ್ಯಾರೇನೋ ತಮ್ಮಾ?”

ಆ ಬೀಗ ಈಗ ಹಾಲಿನ ಗಡಿಗೆಯ ಮುಚ್ಚಳದ ಮೇಲೆ ಕೂತಿದೆ, ಬೆಕ್ಕು ಬಾಯಿ ಹಾಕದಂತೆ. “ಭಾರ ಛಲೋ ಐತ್ರಿ,” ಎನ್ನುತ್ತಾಳೆ ಮಾಯವ್ವ.

ಸಂಜೆ ಮುಧೋಳದ ಬಸ್ಸು ರಸ್ತೆಯಲ್ಲಿ ಹಾರ್ನ್ ಹೊಡೆಯುತ್ತದೆ. ಅದು ಕಬ್ಬಿನ ಹಿಂದೆ ಮರೆಯಾಗುವವರೆಗೂ ಆಕೆ ಅಂಗಳದಲ್ಲಿ ನಿಂತು ನೋಡುತ್ತಾಳೆ. ಒಳಬಂದು ಕಂಬಳಿ ಕೊಡವಿ ಹಾಸುತ್ತಾಳೆ. ಕದ ಮುಂದೆ ಮಾಡಿ, ಗಾಳಿಗೆ ಬಡಿಯದಂತೆ ಗುಂಡುಕಲ್ಲೊಂದನ್ನು ಆನಿಸುತ್ತಾಳೆ. ಮಗು ನೂಕಿದರೂ ಸರಿಯುವಂಥದು. ದೀಪ ಹಚ್ಚಿ, ತನಗೆ ರೊಟ್ಟಿ ತಟ್ಟಿಕೊಂಡ ಮೇಲೆ ಇನ್ನೊಂದಕ್ಕೆ ಹಿಟ್ಟು ನಾದುತ್ತಾಳೆ.

“ಪೇಪರಿನ್ಯಾಗ ಇಷ್ಟ ಬರೀರಿ. ಒಂದ ರಾತ್ರಿ ಯಾರರೆ ಕುಂದ್ರಾಕ ಬರ್ರಿ ಅಂತ. ದೀಪಾ ನಾನ ಹಚ್ಚಿಟ್ಟ ಹೋಗತೇನಿ, ರೊಟ್ಟೀನೂ ಮಾಡಿಟ್ಟ ಹೋಗತೇನಿ. ಯಾರರೆ ಕದಾ ನೂಕಿದ್ರ, ‘ಒಳಗ ಬಾ’ ಅಂದ್ರ ಸಾಕ್ರಿ.”