ದೋಣಿಗೆ ಅಲ್ಯುಮಿನಿಯಂ ಎಂದವನು ನಾನು

ಹಾಯಿದೋಣಿಯನ್ನು ಅಲ್ಯುಮಿನಿಯಂನಲ್ಲಿ ಕಟ್ಟೋಣ ಎಂದು ಹೇಳಿದವನು ನಾನು. ಗಿರಾಕಿ ಹೇಳಲಿಲ್ಲ, ನಕ್ಷೆ ಬರೆದವರೂ ಹೇಳಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದೋಣಿ ಈಗ ಹಿನ್ನೀರಿನ ಮೇಲೆ ಚೆನ್ನಾಗಿಯೇ ಓಡಾಡುತ್ತಿದೆ, ನೋಡಿದವರು ಹೊಗಳುತ್ತಾರೆ. ಅಲ್ಯುಮಿನಿಯಂ ಆದದ್ದು ಗಿರಾಕಿಯ ಹಟದಿಂದ ಎಂದು ನಮ್ಮ ಬಳಗದವರೆಲ್ಲ ತಿಳಿದಿದ್ದಾರೆ. ಹಾಗೆ ತಿಳಿಯಲಿ ಎಂದು ನಾನೇ ಬಿಟ್ಟಿದ್ದೆ.

ನಮ್ಮದು ಬಾಗಲಕೋಟೆಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಶೆಡ್ಡು. ಮೊದಲು ಹಳೆ ಊರಲ್ಲಿತ್ತು, ಅದು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಡೆಯಾದ ಮೇಲೆ ನವನಗರಕ್ಕೆ ಬಂತು. ಕಬ್ಬಿನ ಗಾಡಿ, ಮಣ್ಣಿನ ಗಾಡಿ, ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಗಳಿಗೆ ಬಂಡೆ ಹೊರುವ ಗಾಡಿ, ಇವೇ ನಮ್ಮ ಕೆಲಸ. ವೆಲ್ಡಿಂಗ್ ಅಣ್ಣನದು. ಅಳತೆ ಹಾಕುವುದು, ತಗಡು ಕತ್ತರಿಸುವುದು, ಗಿರಾಕಿಗಳ ಜೊತೆ ಗಂಟಲು ಹರಿದುಕೊಳ್ಳುವುದು ನನ್ನದು. ಅಣ್ಣ ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವನು. ಅಪ್ಪ ಬೇಗ ಹೋದದ್ದರಿಂದ ನನ್ನನ್ನು ಬೆಳೆಸಿದವನೂ ಅವನೇ. ನನಗೂ ವೆಲ್ಡಿಂಗ್ ಬರುತ್ತದೆ, ಅವನೇ ಕಲಿಸಿದ್ದು. ಆದರೆ ಅವನಿರುವಾಗ ನಾನು ವೆಲ್ಡಿಂಗ್ ಹೋಲ್ಡರ್ ಮುಟ್ಟುತ್ತಿರಲಿಲ್ಲ. ಬೇಡ ಎಂದು ಅವನು ಯಾವತ್ತೂ ಅಂದವನಲ್ಲ. ಆದರೂ ಮುಟ್ಟುತ್ತಿರಲಿಲ್ಲ.

ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಹೊಸ ಕೆಲಸ ಶುರುವಾಗುವ ದಿನ, ಮೊದಲ ಎರಡು ತುಂಡುಗಳು ಕೂಡುವ ಜಾಗದ ಮೇಲೆ ಅಣ್ಣ ಶಿವಯೋಗ ಮಂದಿರದಿಂದ ತಂದ ವಿಭೂತಿ ಗಟ್ಟಿಯಿಂದ ಮೂರು ಗೆರೆ ಎಳೆಯುತ್ತಿದ್ದ. ಆ ಗೆರೆಯ ಮೇಲೆಯೇ ಮೊದಲ ಟಾಕಾ ಹಾಕುತ್ತಿದ್ದ. ತುಂಡುಗಳು ಅಲುಗದಂತೆ ಹಿಡಿದು ನಿಲ್ಲಿಸುವ ಸಣ್ಣ ಬೆಸುಗೆಗೆ ನಾವು ಟಾಕಾ ಎನ್ನುತ್ತೇವೆ, ಹೊಲಿಗೆಯ ಟಾಕಾ ಇದ್ದ ಹಾಗೆ. ಅದನ್ನು ಅಣ್ಣನೇ ಹಾಕಬೇಕು. ಅವನಿಗೆ ಜ್ವರ ಬಂದರೆ ಕೆಲಸವೇ ಮುಂದಕ್ಕೆ ಹೋಗುತ್ತಿತ್ತು. ಕಬ್ಬಿಣಕ್ಕೆ ವಿಭೂತಿಯಿಂದ ಏನೂ ತೊಂದರೆಯಿಲ್ಲ. ಸುಟ್ಟು, ಕಿಟ್ಟದ ಜೊತೆ ಮೇಲೆ ಬಂದು, ಸುತ್ತಿಗೆ ತಾಗಿಸಿದರೆ ಉದುರಿಹೋಗುತ್ತದೆ.

ಐದಾರು ವರ್ಷಗಳಿಂದ ಅಣ್ಣನ ಕಣ್ಣು ಮಂಜಾಗುತ್ತ ಬಂತು. ಹುಬ್ಬಳ್ಳಿಗೆ ಹೋಗಿ ತೋರಿಸಿದಾಗ, ಕಣ್ಣಿನ ನಡುಭಾಗವೇ ಸವೆದಿದೆ, ಆಪರೇಶನ್ ಮಾಡಿ ಸರಿಪಡಿಸುವಂಥದ್ದಲ್ಲ ಎಂದರಂತೆ. ಇದನ್ನು ಅಣ್ಣ ನನಗೆ ಹೇಳಲಿಲ್ಲ. ವೈನಿ, ಅಂದರೆ ನಮ್ಮ ಅತ್ತಿಗೆ, ನನ್ನ ಹೆಂಡತಿಗೆ ಹೇಳಿದರು. ಹೆಂಡತಿ ನನಗೆ ಹೇಳಿದಳು. ಯಾರ ಮುಂದೆಯೂ ಬಾಯಿ ಬಿಡಬೇಡಿ ಎಂದು ಇಬ್ಬರೂ ಸೇರಿಸಿದರು. ವೈನಿ ತಾಟಿನಲ್ಲಿ ಪಲ್ಯವನ್ನು ಯಾವಾಗಲೂ ಎಡಕ್ಕೆ, ಶೇಂಗಾ ಚಟ್ನಿಯನ್ನು ಯಾವಾಗಲೂ ಬಲಕ್ಕೆ ಬಡಿಸತೊಡಗಿದರು. ಅಣ್ಣ ತಾಟು ನೋಡದೆಯೇ ರೊಟ್ಟಿ ಮುರಿದು ಹಚ್ಚಿಕೊಳ್ಳುತ್ತಿದ್ದ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರಿಗೂ ಗೊತ್ತಿರಲಿಲ್ಲ.

ದೋಣಿಯ ಮಾತು ಬರುವುದಕ್ಕೆ ಎರಡು ವರ್ಷ ಮೊದಲು, ಶಿರೂರಿನ ಹತ್ತಿರ ಇಳಿಜಾರಿನಲ್ಲಿ ನಾವು ಕಟ್ಟಿದ ಕಬ್ಬಿನ ಗಾಡಿಯೊಂದು ಟ್ರ್ಯಾಕ್ಟರಿನಿಂದ ಕಳಚಿಕೊಂಡು ಜೋಳದ ಹೊಲಕ್ಕೆ ನುಗ್ಗಿತು. ಆ ಗಳಿಗೆಯಲ್ಲಿ ರಸ್ತೆಯ ಮೇಲೆ ಯಾರೂ ಇರಲಿಲ್ಲ. ಸುದ್ದಿ ಬಂದ ಕೂಡಲೇ ನಾನೇ ಹೋಗಿ ನೋಡಿದೆ. ಮುರಿದ ಬೆಸುಗೆ ಮೇಲಿನಿಂದ ಮಣಿ ಪೋಣಿಸಿದಷ್ಟು ಚೆಂದವಾಗಿತ್ತು. ಒಳಗೆ ಕಬ್ಬಿಣ ಕಬ್ಬಿಣವನ್ನು ಹಿಡಿದೇ ಇರಲಿಲ್ಲ. ಅಣ್ಣನ ಕೈ ಅಭ್ಯಾಸದಿಂದ ಓಡಿತ್ತು, ಕಣ್ಣಿಗೆ ಸಂದು ಕಂಡಿರಲಿಲ್ಲ. ಅಲ್ಲೇ ಗ್ರೈಂಡರ್ ಹಚ್ಚಿ ಗುರುತು ಅಳಿಸಿದೆ. ರಸ್ತೆಯ ತಗ್ಗಿಗೆ ಬಿದ್ದು ಮುರಿದಿದೆ ಎಂದು ಗಾಡಿಯ ಮಾಲೀಕನಿಗೂ ಹೇಳಿದೆ, ಅಣ್ಣನಿಗೂ ಹೇಳಿದೆ. ಗಾಡಿಯನ್ನು ಬಿಟ್ಟಿ ರಿಪೇರಿ ಮಾಡಿಕೊಟ್ಟದ್ದಕ್ಕೆ ಆ ಮಾಲೀಕ ನನ್ನನ್ನು ದೊಡ್ಡ ಮನುಷ್ಯ ಎಂದ.

ಅಂದಿನಿಂದ ಅಣ್ಣ ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗಲೆಲ್ಲ ಅವನ ಬೆಸುಗೆಯ ಮೇಲೆ ನಾನು ಇನ್ನೊಂದು ಬೆಸುಗೆ ಹಾಕುತ್ತಿದ್ದೆ. ಅವನು ಬರುವಷ್ಟರಲ್ಲಿ ಬಣ್ಣ ಬಳಿದಾಗಿರುತ್ತಿತ್ತು. ಮೊದಮೊದಲು ಹೆದರಿಕೆಯಿಂದ ಊಟ ಸೇರುತ್ತಿರಲಿಲ್ಲ. ಆಮೇಲೆ ಹೆದರಿಕೆಯೂ ಹೋಯಿತು. ಶೆಡ್ಡಿಗೆ ಬರುತ್ತಿದ್ದೆ, ಮಾತಾಡುತ್ತಿದ್ದೆ, ನಗಬೇಕಾದಲ್ಲಿ ನಗುತ್ತಿದ್ದೆ. ಒಳಗೆ ಮಾತ್ರ ಕಾಲು ಜೋಮು ಹಿಡಿದ ಹಾಗೆ, ಚಿವುಟಿದರೂ ಗೊತ್ತಾಗದು. ಒಮ್ಮೆ ನಾನಿಲ್ಲದ ಹೊತ್ತಿನಲ್ಲಿ ಬಾದಾಮಿ ಕಡೆಯವನೊಬ್ಬ ಬಂದು ತನ್ನ ಗಾಡಿ ಒಯ್ದುಬಿಟ್ಟ. ಅದಕ್ಕೆ ನಾನು ಎರಡನೇ ಬೆಸುಗೆ ಹಾಕಿರಲಿಲ್ಲ. ಮೂರು ದಿನ ಬಿಟ್ಟು ಅವನ ಊರು ಹುಡುಕಿಕೊಂಡು ಹೋಗಿ, ಹೊಸ ಗಾಡಿಗೆ ಬಿಟ್ಟಿ ಸರ್ವಿಸ್ ಕೊಡುತ್ತಿದ್ದೇವೆ ಎಂದು ಸುಳ್ಳು ಹೇಳಿ ಸರಿಮಾಡಿ ಬಂದೆ. ಆ ಮೂರು ದಿನಗಳಲ್ಲಿ ಮಕ್ಕಳು ಮರಿ ಕೂತ ಗಾಡಿ ಕಳಚಿ ಉರುಳಬಹುದಿತ್ತು. ಮರಳುವಾಗ ಬಸ್ಸಿನಲ್ಲಿ ಕೂತು, ನನಗೆ ಏನಾದರೂ ಅನ್ನಿಸುತ್ತದೆಯೋ ಎಂದು ನೋಡಿಕೊಂಡೆ. ಅನ್ನಿಸಲಿಲ್ಲ.

ವೆಲ್ಡಿಂಗ್ ಬಿಡು ಅಣ್ಣಾ ಎಂದು ಹೇಳಬೇಕಿತ್ತು. ಮೂರು ಶಬ್ದ. ಬಾಯಲ್ಲಿ ಬಿಸಿತುಪ್ಪ ಹಿಡಿದುಕೊಂಡ ಹಾಗೆ ಎರಡು ವರ್ಷ ಹಿಡಿದುಕೊಂಡಿದ್ದೆ.

ಆಗ ಬಂದವರು ನೇವಿ ಸಾಹೇಬರು. ಹುನಗುಂದ ತಾಲೂಕಿನ ಒಕ್ಕಲುತನದ ಮನೆಯವರು, ನೌಕಾದಳದಲ್ಲಿ ದುಡಿದು, ನಿವೃತ್ತರಾಗಿ ವಿದ್ಯಾಗಿರಿಯಲ್ಲಿ ಮನೆ ಮಾಡಿಕೊಂಡವರು. ಹಿನ್ನೀರಿನಲ್ಲಿ ಓಡಿಸಲು ಅವರಿಗೆ ಇಪ್ಪತ್ತು ಅಡಿಯ ಹಾಯಿದೋಣಿ ಬೇಕಿತ್ತು. ಮೀನು ಹಿಡಿಯುವ ತೆಪ್ಪ ಬಿಟ್ಟರೆ ಬೇರೆ ಕಾಣದ ಊರಲ್ಲಿ ಇದನ್ನು ಕೇಳಿ ನಗದವರಿಲ್ಲ. ನಾನೂ ನಕ್ಕೆ. ಸಾಹೇಬರು ಬೇಸರ ಮಾಡಿಕೊಳ್ಳದೆ ಎರಡು ನಕ್ಷೆ ಹಾಸಿದರು. ಒಂದು ಉಕ್ಕಿನ ದೋಣಿಯದು, ಇನ್ನೊಂದು ಅಲ್ಯುಮಿನಿಯಂನದು. ಕಟ್ಟಿಗೆಯಲ್ಲಿ ಕಟ್ಟುವ ಬಡಿಗರು ಇಲ್ಲಿಲ್ಲ, ಫೈಬರ್ ಆದರೆ ನೀರೊಳಗಿನ ಕಲ್ಲಿಗೆ ಬಿರಿಯುತ್ತದೆ, ಉಳಿದದ್ದು ಇವೆರಡು ಎಂದರು. ಯಾವುದರಲ್ಲಿ ನಿಮ್ಮ ಕೈ ಪಳಗಿದೆಯೋ ಅದರಲ್ಲೇ ಕಟ್ಟಿ, ತಮಗೆ ಎರಡೂ ನಡೆಯುತ್ತದೆ ಎಂದು ಹೇಳಿ, ವಿಚಾರ ಮಾಡಲು ಒಂದು ವಾರ ಕೊಟ್ಟು ಹೋದರು.

ತಲೆ ನೆಟ್ಟಗಿದ್ದವನು ಉಕ್ಕು ಎನ್ನುತ್ತಿದ್ದ. ತಗಡು ಊರಲ್ಲೇ ಸಿಗುತ್ತಿತ್ತು, ಮಶೀನು ಇತ್ತು, ನಲವತ್ತು ವರ್ಷ ಉಕ್ಕು ಬೆಸೆದ ಅಣ್ಣನಿದ್ದ. ನಾನು ಅಲ್ಯುಮಿನಿಯಂ ಎಂದೆ. ಬೇಸಿಗೆಯಲ್ಲಿ ನೀರು ಸರಿದಾಗ ದೋಣಿಯನ್ನು ಕೆಸರಿನ ಮೇಲೆ ಎಳೆದುಕೊಂಡು ಹೋಗಬೇಕಾಗುತ್ತದೆ, ಉಕ್ಕಾದರೆ ಟ್ರ್ಯಾಕ್ಟರ್ ಕರೆಸಬೇಕು. ನೀರೊಳಗೆ ಹಳೆಯ ಗೋಡೆಗಳಿವೆ, ಜಾಲಿಯ ಬೊಡ್ಡೆಗಳಿವೆ, ತಾಗಿದರೆ ಅಲ್ಯುಮಿನಿಯಂ ತಗ್ಗು ಬೀಳುತ್ತದೆಯೇ ಹೊರತು ಬಿರಿಯುವುದಿಲ್ಲ. ತುಕ್ಕು ಹಿಡಿಯುವುದಿಲ್ಲ, ವರ್ಷ ವರ್ಷ ಬಣ್ಣ ಕೇಳುವುದಿಲ್ಲ, ಮೈ ಹಗುರಾದರೆ ಸಣ್ಣ ಗಾಳಿಗೂ ಓಡುತ್ತದೆ. ಇಷ್ಟನ್ನೂ ಸಾಹೇಬರ ಮುಂದೆ ಒಂದೇ ಉಸಿರಿನಲ್ಲಿ ಒದರಿದೆ. ಅವರಿಗೆ ಖುಷಿಯಾಯಿತು, ಓದಿಕೊಂಡಿದ್ದೀರಿ ಎಂದರು. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಹೇಳದೆ ಉಳಿಸಿಕೊಂಡ ಕಾರಣ ಒಂದೇ: ಅಲ್ಯುಮಿನಿಯಂ ಅಣ್ಣನಿಗೆ ಬರುವುದಿಲ್ಲ. ಇದು ನನ್ನ ಕೆಲಸವಲ್ಲ ಎಂದು ಅವನೇ ಹಿಂದೆ ಸರಿಯುತ್ತಾನೆ. ಆಮೇಲೆ ಹಾಲಿನ ಟಾಕಿ, ನೀರಿನ ಟಾಕಿ ಎಂದು ಇಂಥದೇ ಕೆಲಸ ಹಿಡಿಯುತ್ತ ಹೋದರೆ ಕಬ್ಬಿಣದ ಕೆಲಸ ತಾನೇ ನಿಲ್ಲುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ನಮ್ಮ ಕಡೆ ಅಲ್ಯುಮಿನಿಯಂ ಪಾತ್ರೆಗೆ ಜರ್ಮನ್ ಎನ್ನುತ್ತಾರೆ. ಅಣ್ಣ ಸುದ್ದಿ ಕೇಳಿ, ಸಾಹೇಬರು ಜರ್ಮನ್ ಬೋಗಾಣಿಯಲ್ಲಿ ಕೂತು ಹೊಳೆ ದಾಟುತ್ತಾರೇನು ಎಂದು ಚೇಷ್ಟೆ ಮಾಡಿದ. ಆಮೇಲೆ, ಉಕ್ಕಿನಲ್ಲಿ ಆಗುವುದಿಲ್ಲವೇ ಎಂದು ಕೇಳಿದ. ಅವರಿಗೆ ಇದೇ ಬೇಕಂತೆ ಎಂದೆ.

ಅಲ್ಯುಮಿನಿಯಂ ಬೆಸೆಯಲು ಹುನಗುಂದದಿಂದ ಒಬ್ಬನನ್ನು ಕರೆಸಿದೆ. ನನ್ನ ವಯಸ್ಸಿನವನೇ, ಗೋವೆಯಲ್ಲಿ ದೋಣಿ ಕಟ್ಟುವ ಕಡೆ ಬಹಳ ವರ್ಷ ಇದ್ದು ಬಂದವನು. ಬಂದ ದಿನವೇ ಅವನು ನನಗೆ ಎರಡು ಮಾತು ಹೇಳಿದ. ಕಬ್ಬಿಣ ಕರಗುವ ಮೊದಲು ಕೆಂಪಾಗಿ ಎಚ್ಚರಿಕೆ ಕೊಡುತ್ತದೆ. ಅಲ್ಯುಮಿನಿಯಂ ಕೆಂಪಾಗುವುದೇ ಇಲ್ಲ, ತಣ್ಣಗಿದ್ದ ಹಾಗೇ ಕಾಣುತ್ತ ಒಮ್ಮೆಲೇ ಕುಸಿಯುತ್ತದೆ. ಇನ್ನೊಂದು, ಬೆಸೆಯುವ ಜಾಗದಲ್ಲಿ ಬೂದಿ, ಎಣ್ಣೆ, ಬೆವರು ಏನೂ ಇರಬಾರದು, ಇದ್ದರೆ ಬೆಸುಗೆ ಕಪ್ಪಾಗಿ ಹಾಳಾಗುತ್ತದೆ. ಇದನ್ನು ನಮ್ಮ ಅಣ್ಣನಿಗೂ ಹೇಳು ಎಂದೆ. ಹೇಳಿದ. ಅಣ್ಣ ತಲೆಯಾಡಿಸಿದ. ಹುನಗುಂದದವನು ತುಂಡುಗಳ ಮೇಲೆ ಪ್ರಯೋಗ ಮಾಡುವಾಗ ಅಣ್ಣ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಮಶೀನಿನ ಸದ್ದು ಕೇಳುತ್ತಿದ್ದ. ನನ್ನ ಉಪಾಯ ಫಲಿಸಿತು ಎಂದುಕೊಂಡೆ ನಾನು.

ತಗಡು ಬಂತು. ಸೋಮವಾರ ಬೆಳಿಗ್ಗೆ ಶುರು ಮಾಡುವುದೆಂದಾಯಿತು. ನೇವಿ ಸಾಹೇಬರು ಬಂದರು. ಅಣ್ಣ ಕಾಯಿ ಒಡೆದು ಕುರ್ಚಿಯಲ್ಲಿ ಕೂರುತ್ತಾನೆ ಎಂದುಕೊಂಡಿದ್ದೆ. ಅವನು ಜಳಕ ಮಾಡಿ, ಒಗೆದು ಮಡಿಚಿಟ್ಟಿದ್ದ ಅಂಗಿ ತೊಟ್ಟು, ತನ್ನ ಹಳೆಯ ವೆಲ್ಡಿಂಗ್ ಮುಖವಾಡವನ್ನು ಕಂಕುಳಲ್ಲಿಟ್ಟುಕೊಂಡು ಬಂದ. ದೋಣಿಯ ತಳದ ಎರಡು ತಗಡುಗಳನ್ನು ಜೋಡಿಸಿ ಇಟ್ಟಿದ್ದೆವು. ಹೆಬ್ಬೆರಳಿನಿಂದ ತಡವಿ ಅವು ಕೂಡುವ ಗೆರೆಯನ್ನು ಹುಡುಕಿದ. ಅಲ್ಲೇ, ಸರಿಯಾಗಿ ಬೆಸುಗೆಯ ಜಾಗದ ಮೇಲೆ, ವಿಭೂತಿಯ ಮೂರು ಗೆರೆ ಎಳೆದ. ಹುನಗುಂದದವನು ನನ್ನ ಮುಖ ನೋಡಿದ. ನಾನು ಗ್ಯಾಸ್ ಸಿಲಿಂಡರ್ ನೋಡಿದೆ.

"ತಮ್ಮಾ, ಹೆಂಗ ಹಿಡೀಬೇಕು ತೋರ್ಸು," ಎಂದ ಅಣ್ಣ ಅವನಿಗೆ. "ಒಂದ ಟಾಕಾ. ಮುಂದಿಂದೆಲ್ಲಾ ನಿಂದ."

ಅವನು ಪಾಪ, ಹಿರಿಯರು ಎಂದು ಮರ್ಯಾದೆಯಿಂದ ಅಣ್ಣನ ಕೈಗೆ ಬೆಸುಗೆಯ ಟಾರ್ಚ್ ಕೊಟ್ಟು, ಮಶೀನಿನ ಪೆಡಲ್ಲನ್ನು ಅವನ ಕಾಲಡಿಗೆ ಸರಿಸಿದ. ಕೆಂಪಾಗುವುದಿಲ್ಲರೀ, ಕಾಯಬೇಡಿ ಎಂದು ಮತ್ತೊಮ್ಮೆ ಹೇಳಿದ. ಅಣ್ಣ ಹ್ಞೂಂ ಎಂದ. ಎಲ್ಲರೂ ಮುಖವಾಡ ಇಳಿಸಿದೆವು. ಕಿಡಿ ಹತ್ತಿತು. ನನಗೆ ಆಗ ತಿಳಿಯಿತು. ಇಷ್ಟು ವರ್ಷ ಅಣ್ಣನ ಕಣ್ಣಿಗೆ ಉಳಿದದ್ದು ಆ ಕೆಂಪು ಒಂದೇ. ಅದನ್ನು ನೋಡಿಯೇ ಅವನು ಕೈ ಓಡಿಸುತ್ತಿದ್ದ. ಈಗಲೂ ಅದಕ್ಕಾಗಿಯೇ ಕಾಯುತ್ತಿದ್ದ. ಬಗ್ಗಿ, ಮುಖವನ್ನು ಇನ್ನೂ ಹತ್ತಿರ ಒಯ್ದು ಕಾಯುತ್ತಿದ್ದ. ತಗಡು ಬೆಳ್ಳಗೇ ಇತ್ತು. ಸುತ್ತ ವಿಭೂತಿ ಕಪ್ಪಗಾಯಿತು. ಆಮೇಲೆ ಸದ್ದಿಲ್ಲದೆ ನಿಂಬೆಹಣ್ಣಿನಷ್ಟು ಜಾಗ ಕೆಳಕ್ಕೆ ಕುಸಿದು ಬಿತ್ತು.

ಅಣ್ಣ ಪೆಡಲ್ಲಿನಿಂದ ಕಾಲು ಎತ್ತಿ ಮಶೀನು ನಿಲ್ಲಿಸಿದ. ಮುಖವಾಡ ಮೇಲೆ ಮಾಡಿ, ನನ್ನ ಕಡೆ ತಿರುಗಿದ.

"ಕೂಡಿತೇನು?"

ಅಣ್ಣ ಹೀಗೆ ಕೇಳಿದಾಗಲೆಲ್ಲ ಕೂಡಿದೆ ಎಂದೇ ಹೇಳಿದವನು ನಾನು. ಆ ಮಾತು ಆಗಲೂ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಣ್ಣ ಬೆಸುಗೆಯನ್ನು ಮುಟ್ಟಿ ನೋಡಲು ಬೆರಳು ಚಾಚಿದ. ಕೆಂಪು ಕಾಣದ್ದರಿಂದ ತಣ್ಣಗಿದೆ ಎಂದು ತಿಳಿದಿದ್ದ. ನಾನು ಅವನ ಮುಂಗೈ ಹಿಡಿದೆ. ಹುಟ್ಟಿದಾಗಿನಿಂದ ಅವನ ಕೈಯನ್ನು ಹೀಗೆ ತಡೆದವನಲ್ಲ.

"ಮುಟ್ಟಬ್ಯಾಡ ಅಣ್ಣಾ. ಕೂಡಿಲ್ಲ. ತೂತ ಬಿದ್ದೈತಿ."

ಅವನು ಕೈ ಬಿಡಿಸಿಕೊಳ್ಳಲಿಲ್ಲ.

"ಕಬ್ಬಿಣ ಇದ್ದಿದ್ರ ನೀ ಹೇಳ್ತಿದ್ದಿಲ್ಲ," ಎಂದ. ಆಮೇಲೆ ನನಗಷ್ಟೇ ಕೇಳುವ ಹಾಗೆ ಹೇಳಿದ: "ನನ್ನ ಬೆಸಗಿ ಮ್ಯಾಲೆ ನಿನ್ನ ಬೆಸಗಿ ಕೈಗೆ ಹತ್ತತಿತ್ತು. ಬಣ್ಣ ಬಳದ್ರ ಬೆರಳಿಗೆ ಗೊತ್ತಾಗೂದಿಲ್ಲೇನು? ಇವತ್ತ ಹೇಳ್ತಾನ, ನಾಳೆ ಹೇಳ್ತಾನ ಅಂತ ಎರಡು ವರ್ಷ ದಾರಿ ನೋಡಿದೆ. ನನಗ ನಾನ ಹೇಳ್ಕೊಳ್ಳಾಕ ಆಗಲಿಲ್ಲ."

ನಾಚಿಕೆಯಾಯಿತು. ಎರಡು ವರ್ಷಗಳಲ್ಲಿ ನನಗೆ ಸರಿಯಾಗಿ ಅನ್ನಿಸಿದ್ದು ಅದೊಂದೇ. ಅದೂ ಬಹಳ ಹೊತ್ತು ನಿಲ್ಲಲಿಲ್ಲ.

ಅಣ್ಣ ಮುಖವಾಡವನ್ನು ಸ್ಟೂಲಿನ ಮೇಲಿಟ್ಟು, ಹುನಗುಂದದವನಿಗೆ ತಗಡು ಹಾಳು ಮಾಡಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ ಎಂದ. ಮನೆಗೆ ಬಿಡು ಎಂದ ನನಗೆ. ಬೈಕ್ ತೆಗೆಯಲು ಹೊರಟರೆ ಬೇಡ, ನಡೆದೇ ಹೋಗೋಣ ಎಂದ. ಬಾಗಿಲ ಹೊರಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ. ರಸ್ತೆಯಲ್ಲಿ ಗುರುತಿನವರು ನಿಂತು ನೋಡಿದರು. ಅವರು ಶರಣು ಎಂದಾಗ ಅವನೂ ಶರಣು ಎಂದ, ಕೈ ಮಾತ್ರ ತೆಗೆಯಲಿಲ್ಲ. ನನಗೆ ಅಳು ಬರಬೇಕಿತ್ತು, ಬರಲಿಲ್ಲ. ತಗ್ಗು ಬಂದಾಗ ತಗ್ಗು ಎಂದೆ. ಮೆಟ್ಟಿಲು ಬಂದಾಗ ಮೆಟ್ಟಿಲು ಎಂದೆ.