ಗಡಿಯಾರದ ಕಡೆ

ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಗಾರೆ ಮೇಸ್ತ್ರಿ ಎಂದು. ಕಟ್ಟುವುದು ಮಾತ್ರ ಗೋಡೆಯನ್ನಲ್ಲ, ದವಡೆಯನ್ನು. ಏಟು ಬಿದ್ದು ಮುರಿದ, ಹುಟ್ಟಿನಿಂದಲೇ ಸೊಟ್ಟಗಿರುವ ದವಡೆಗಳ ಅಚ್ಚನ್ನು ಪ್ಲಾಸ್ಟರಿನಲ್ಲಿ ಎರೆದು, ಗರಗಸದಿಂದ ಕೊಯ್ದು, ಡಾಕ್ಟರು ಬರೆದಷ್ಟು ಸರಿಸಿ, ಹಲ್ಲುಗಳ ನಡುವೆ ಕೂರುವ ತೆಳು ಸ್ಪ್ಲಿಂಟ್ ಮಾಡಿಕೊಡುತ್ತಾರೆ. ಆಪರೇಷನ್ನಿನಲ್ಲಿ ಅದು ತೋರಿಸಿದ ಕಡೆಗೇ ದವಡೆ ಕೂರುತ್ತದೆ.

ಅಚ್ಚು ಸದಾ ಎದುರಿಗೆ ಮುಖಮಾಡಿ ಕೂರುವುದರಿಂದ ರೋಗಿಯ ಎಡ ಎಂದರೆ ಮೇಸ್ತ್ರಿಯ ಬಲ. ಕಲಿಯುವ ಕಾಲದಲ್ಲಿ ಇಲ್ಲಿ ಎಡವಿ ಚೆನ್ನಾಗಿ ಉಗಿಸಿಕೊಂಡ ಮೇಲೆ ಅವರು ಗಡಿಯಾರವನ್ನು ಬಲಗೈಗೆ ಕಟ್ಟತೊಡಗಿದರು. ಗಡಿಯಾರದ ಕಡೆಯೇ ರೋಗಿಯ ಎಡ. ಇಪ್ಪತ್ತೆಂಟು ವರ್ಷ ಇದೇ ಗುರುತು. "ನಿಮಗೆ ಗಡಿಯಾರ ಕಟ್ಕೊಳ್ಳೋಕೂ ಬರಲ್ಲ" ಎಂದು ಹೆಂಡತಿ ಮದುವೆಯಾದಾಗಿನಿಂದ ಆಡಿಕೊಳ್ಳುತ್ತಲೇ ಇದ್ದಾಳೆ.

ಆ ಬೆಳಿಗ್ಗೆ ಹದಿನಾರರ ಹುಡುಗಿಯೊಬ್ಬಳ ಆಪರೇಷನ್. ಬಸ್ಸಿನಿಂದ ಬಿದ್ದು ಮುರಿದ ದವಡೆ ಸೊಟ್ಟಗೇ ಕೂಡಿಕೊಂಡಿತ್ತು. ಎಡಕ್ಕೆ ಎರಡು ಮಿಲಿಮೀಟರ್ ಸರಿಸಬೇಕು. ಕೈಯಲ್ಲಿ ಮಾಡಿದ ಸ್ಪ್ಲಿಂಟ್ ವಾಸಿಯೋ, ಕಂಪ್ಯೂಟರಿನದು ವಾಸಿಯೋ ಎಂದು ವಿಭಾಗದಲ್ಲಿ ಸಂಶೋಧನೆ ನಡೆಯುತ್ತಿತ್ತು. ಚೀಟಿ ಎತ್ತಿದಾಗ ಹುಡುಗಿ ಮೇಸ್ತ್ರಿಯ ಪಾಲಿಗೆ ಬಂದಿದ್ದಳು.

ಅವಳನ್ನು ಒಳಗೆ ಕರೆದೊಯ್ದು ಎಷ್ಟು ಹೊತ್ತಾಯಿತೆಂದು ನೋಡಲು ಮೇಸ್ತ್ರಿ ಬಲಗೈ ಎತ್ತಿದರು. ಅಲ್ಲಿದ್ದದ್ದು ಬ್ಯಾಂಡೇಜು. ಹಿಂದಿನ ಮಧ್ಯಾಹ್ನ ಮೇಣ ಕರಗಿಸುವ ಬಿಸಿನೀರು ಮಣಿಕಟ್ಟಿನ ಮೇಲೆ ಚೆಲ್ಲಿತ್ತು. ಮುಲಾಮು ಹಚ್ಚಿ, ಗಡಿಯಾರವನ್ನು ಎಡಗೈಗೆ ಕಟ್ಟಿಕೊಂಡು, ಆ ಉರಿಯಲ್ಲೇ ಈ ಹುಡುಗಿಯ ಅಚ್ಚನ್ನು ಸರಿಸಿದ್ದರು. ಅಭ್ಯಾಸದಂತೆ ಗಡಿಯಾರದ ಕಡೆಗೇ ಇರಬೇಕು.

ನಿಜವಾಗಿ ಯಾವ ಕಡೆಗೆ ಸರಿಸಿದೆ? ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಅಚ್ಚು, ಸ್ಪ್ಲಿಂಟ್ ಎರಡೂ ಥಿಯೇಟರಿಗೆ ಹೋಗಿದ್ದವು. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ತಪ್ಪಿದ್ದರೆ ಡಾಕ್ಟರಿಗೇ ಗೊತ್ತಾಗುತ್ತದೆ ಬಿಡು ಎಂದಿತು ಹೇಡಿ ಮನಸ್ಸು. ಊದಿಕೊಂಡ ಮುಖದಲ್ಲಿ ಎರಡು ಮಿಲಿಮೀಟರ್ ಯಾರಿಗೆ ಗೊತ್ತಾಗುತ್ತದೆ? ಊತ ಇಳಿದ ಮೇಲೆ ಆ ಹುಡುಗಿಗೆ ಕನ್ನಡಿಯಲ್ಲಿ ಗೊತ್ತಾಗುತ್ತದೆ, ಇರುವಷ್ಟು ದಿನವೂ.

ಮೇಸ್ತ್ರಿ ಓಡಿದರು. ಥಿಯೇಟರಿನ ಹೊರಗೆ ಬೆಂಚಿನ ಮೇಲಿದ್ದ ಹುಡುಗಿಯ ತಾಯಿ ಎದ್ದು ನಿಂತಳು. "ನಿಮ್ಮ ಕೈಗುಣ ತುಂಬಾ ಒಳ್ಳೇದಂತೆ ಅಣ್ಣಾ, ಡಾಕ್ಟ್ರೇ ಹೇಳಿದ್ರು." ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು ಮೇಸ್ತ್ರಿಗೆ. ಬಾಗಿಲು ಬಡಿದರು.

ನರ್ಸ್ ತಲೆ ಹೊರಹಾಕಿ, "ಈಗ ಯಾರೂ ಬರೋ ಹಾಗಿಲ್ಲ" ಎಂದಳು.

"ನಾನು ಮಾಡಿದ್ದು ಉಲ್ಟಾ ಆಗಿರ್ಬೋದು ಸಿಸ್ಟರ್. ದಮ್ಮಯ್ಯ, ನಿಲ್ಸೋಕೆ ಹೇಳಿ."

ಒಳಗಿಂದ ಡಾಕ್ಟರ ದನಿ ಬಂತು. "ಖಂಡಿತಾನಾ ಮೇಸ್ತ್ರಿ?"

"ಖಂಡಿತ ಇಲ್ಲ ಮೇಡಂ. ಭಯ."

"ಭಯ ಇದ್ರೆ ಸಾಕು. ಇನ್ನೂ ಮೂಳೆ ಕೊಯ್ದಿಲ್ಲ. ಅಚ್ಚು ತಗೊಂಡು ನೋಡಿ."

ಕೊಯ್ಯುವ ಮೊದಲು ಎಳೆದಿದ್ದ ಪೆನ್ಸಿಲ್ ಗೆರೆಯಿಂದ ಅಳೆದರು. ಎರಡು ಮಿಲಿಮೀಟರ್, ಹುಡುಗಿಯ ಬಲಕ್ಕೆ.

ಹೊಸದಕ್ಕೆ ನಲವತ್ತು ನಿಮಿಷ ಹಿಡಿಯಿತು. ಗಡಿಯಾರವನ್ನು ಬಿಚ್ಚಿ ಮೇಜಿನ ಬಲಕ್ಕೆ ಇಟ್ಟುಕೊಂಡಿದ್ದರು. ಮೂರು ಸಲ ಅಳೆದರೂ ತಮ್ಮ ಮೇಲೆ ನಂಬಿಕೆ ಬಾರದೆ, ನಾಲ್ಕನೇ ಸಲ ನರ್ಸಿನಿಂದ ಅಳೆಸಿದರು. ಸ್ಪ್ಲಿಂಟ್ ಒಳಗೆ ಕೊಟ್ಟು, ಸಂಶೋಧನೆಯ ಹಾಳೆಯಲ್ಲಿ ತಮ್ಮ ತಪ್ಪನ್ನು ತಾವೇ ಬರೆದರು. ಗೆಲ್ಲುವುದು ಕಂಪ್ಯೂಟರಾದರೆ ಆಗಲಿ.

ಹೊರಗೆ ಬಂದಾಗ ತಾಯಿ ಕೇಳಿದಳು. "ಯಾಕಣ್ಣಾ ಇಷ್ಟು ತಡ?"

ಏನಾದರೊಂದು ಹೇಳಿ ಸಾಗಹಾಕಬಹುದಿತ್ತು. "ನನ್ನಿಂದ ತಪ್ಪಾಗಿತ್ತು ತಾಯಿ. ಸರಿ ಮಾಡಿ ಕೊಟ್ಟಿದ್ದೀನಿ."

ಅವಳ ಮುಖ ಬಿಳಿಚಿಕೊಂಡಿತು. ಬೈಯಲಿಲ್ಲ. ಮೇಸ್ತ್ರಿಯ ಬಲಗೈಯನ್ನು ಬ್ಯಾಂಡೇಜಿನ ಮೇಲೆಯೇ ಗಟ್ಟಿಯಾಗಿ ಹಿಡಿದಳು.

"ನನ್ನ ಮಗಳು ಹೊರಗೆ ಬರೋ ತನಕ ನೀವು ಎಲ್ಲೂ ಹೋಗ್ಬಾರ್ದು."

ಮೇಸ್ತ್ರಿ ಪಕ್ಕದಲ್ಲಿ ಕೂತರು. ಸುಟ್ಟ ಜಾಗ ಧಗಧಗ ಉರಿಯುತ್ತಿತ್ತು. ಕೈ ಬಿಡಿಸಿಕೊಳ್ಳಲಿಲ್ಲ.