ಮಗ್ಗ ನಿಂತೈತಿ, ಮುರಿದಿಲ್ಲ: ರಾಜಮಾ ಬಾಯಾರ ಒಂದು ವಹಿ

ರೋಣ, ನರಗುಂದ, ಗಜೇಂದ್ರಗಡದ ದವಾಖಾನೆಗಳಲ್ಲಿ ಇಪ್ಪತ್ತೆಂಟು ವರ್ಷ ಶುಶ್ರೂಷೆಗೈದು ಈ ೧೯೫೯ರಲ್ಲಿ ನಿವೃತ್ತರಾಗುತ್ತಿರುವ ಶ್ರೀಮತಿ ರಾಜಮಾ ಅವರು, ಜ್ವರ ಬಿಟ್ಟ ಮೇಲೂ ರೋಗಿಯ ಮನೆಗೆ ಎಡತಾಕುತ್ತಿದ್ದ ಅಪರೂಪದ ನರ್ಸಬಾಯಾರು. ದೊಡ್ಡ ಜಡ್ಡಿನಿಂದೆದ್ದ ಹೆಣ್ಣುಮಕ್ಕಳು ಮತ್ತೆ ಯಾವಾಗ ಮುಟ್ಟಾದರೆಂದು ಒಂದು ವಹಿಯಲ್ಲಿ ಬರೆದಿಡುತ್ತಿದ್ದರು. ಡಾಕ್ಟರ ಸಾಹೇಬರು ನಕ್ಕರು, ಬಾಯಾರು ಬಿಡಲಿಲ್ಲ. ಒಂದು ಸಂಸಾರ ಉಳಿದದ್ದು ಆ ವಹಿಯಿಂದಲೇ.

ನಾಲ್ಕು ವರ್ಷಗಳ ಹಿಂದಿನ ಮಾತು. ಗಜೇಂದ್ರಗಡದ ನೇಕಾರ ಮನೆತನದ ಕಳಕವ್ವನ ಸೊಸೆ ಹೊನ್ನವ್ವ ವಿಷಮಜ್ವರದಲ್ಲಿ ಸತ್ತು ಬದುಕಿದಳು. ಗಂಡ ಸೊಲ್ಲಾಪುರದ ಗಿರಣಿಗೆ ಹೋಗಿ ಆರು ತಿಂಗಳು. ಜ್ವರ ಬಿಟ್ಟು ಮೂರು ತಿಂಗಳಾದರೂ ಹೊನ್ನವ್ವ ಹೊರಗೆ ಕೂಡಲಿಲ್ಲ. ಮುಟ್ಟಾದವರು ಮೂರು ದಿನ ಕಟ್ಟೆಯ ಮೇಲೆ ಕೂಡುವ ಆ ಓಣಿಯಲ್ಲಿ ಇಂಥದ್ದನ್ನು ಮುಚ್ಚಿಡಲಾದೀತೆ? ಬಸಿರೆಂದು ಗುಸುಗುಸು ಎದ್ದಿತು. ಕಳಕವ್ವ ಸೊಸೆಯ ಗಂಟು ಕಟ್ಟಿ ಹೊಸ್ತಿಲಾಚೆ ಇಟ್ಟಳು.

ಸುದ್ದಿ ಕೇಳಿ ಓಡಿಬಂದ ಬಾಯಾರು ಹೊನ್ನವ್ವನನ್ನು ಪರೀಕ್ಷಿಸಿ, ಬಸಿರಲ್ಲವೆಂದರು.

"ಹಂಗಾರ ಹೊರಗ್ಯಾಕ ಕೂತಿಲ್ರಿ? ಓಣಿಗೆ ಏನಂತ ಹೇಳ್ಲಿ?" ಎಂದಳು ಕಳಕವ್ವ.

"ಸೊಸಿ ಜಡ್ಡಿನಾಗ ಬಿದ್ದಾಗ ನಿಮ್ಮ ಮಗ್ಗ ನಡೀತೇನವಾ?"

"ಹ್ಯಾಂಗ ನಡೀತೈತ್ರಿ? ಎಲ್ಲಾರೂ ಆಕಿ ಹಾಸಗಿ ಹತ್ರ ಇದ್ವಿ."

"ಮೈಯೂ ಹಂಗ. ಜೀವ ಉಳಿಸಾಕ ನಿಂತಾಗ ಹೆಣ್ತನದ ರಸ ಕಮ್ಮಿ ಮಾಡತೈತಿ. ಹಾರ್ಮೋನು ಅಂತಾರ ಅದಕ್ಕ. ಮಗ್ಗ ನಿಂತೈತಿ, ಮುರಿದಿಲ್ಲ. ನನ್ನ ಮಾತು ಸುಳ್ಳಾದ್ರ ಈ ಓಣಿಗೆ ಮತ್ತ ಕಾಲಿಡಂಗಿಲ್ಲ."

ವಹಿ ಬಿಚ್ಚಿ, ಇಂಥದೇ ಜಡ್ಡಿನಿಂದೆದ್ದ ಹತ್ತು ಹೆಣ್ಣುಮಕ್ಕಳು ಎಷ್ಟು ತಿಂಗಳಿಗೆ ಮತ್ತೆ ಮುಟ್ಟಾದರೆಂದು ಓದಿ ಹೇಳಿದರು. ಹನ್ನೊಂದನೆಯವಳಿಗೆ ಮುಟ್ಟು ಮರಳಿರಲೇ ಇಲ್ಲ. ಆ ಸಾಲನ್ನು ಮಾತ್ರ ಓದಲಿಲ್ಲ. ಅದರ ಮೇಲೆ ಹೆಬ್ಬೆರಳಿಟ್ಟು ವಹಿ ಮುಚ್ಚಿದರಂತೆ.

ಗಂಟು ಒಳಗೆ ಬಂತು. ವಾರಕ್ಕೆರಡು ಸಲ ಬಾಯಾರು ಹೋಗಿ, ಹಾಲು, ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ಹೊನ್ನವ್ವನ ಹೊಟ್ಟೆ ಸೇರಿತೋ ಇಲ್ಲವೋ ಎಂದು ಎದುರು ಕೂತು ನೋಡುತ್ತಿದ್ದರು. ಏಳನೆಯ ವಾರ ಒಂದು ಮುಂಜಾನೆ ಕಳಕವ್ವ ದವಾಖಾನೆಗೆ ನುಗ್ಗಿ, ಗಂಡಸರಿದ್ದಾರೆಂಬ ಖಬರೂ ಇಲ್ಲದೆ, "ಬಾಯಾರ, ನನ್ನ ಸೊಸಿ ಹೊರಗ ಕೂತಾಳ್ರಿ!" ಎಂದು ಕೂಗಿ, ಅವರ ಕೈ ಹಿಡಿದು ಅತ್ತಳು. ಬಾಯಾರೂ ಅತ್ತರು.

ಇಂದಿಗೂ ಜಡ್ಡಿನಿಂದೆದ್ದ ಯಾವ ಸೊಸೆಯ ಮೇಲೆ ಮಾತು ಬಂದರೂ, ಆ ಮನೆಯ ಹೊಸ್ತಿಲಿಗೆ ಮೊದಲು ಹೋಗಿ ನಿಲ್ಲುವವಳು ಕಳಕವ್ವ: "ಮಗ್ಗ ನಿಂತೈತಿ, ಮುರಿದಿಲ್ಲ. ಖರೇ ಅನಸದಿದ್ರ ಬಾಯಾರ್ನ ಕೇಳ್ರಿ."

ಹಾಗೆ ಕೇಳಬಂದವರಿಗೆಲ್ಲ ಹೇಳಲು ಬಾಯಾರು ನೂರು ಕಾಲ ನಮ್ಮ ನಡುವೆ ಇರಲಿ. ಸರಕಾರ ನೌಕರಿಯಿಂದ ಬಿಡಿಸಬಹುದು. ಆ ವಹಿಯಲ್ಲಿನ್ನೂ ಖಾಲಿ ಹಾಳೆಗಳಿವೆ.